ಏಳು ಜನ, ಎರಡು ಟನ್, ಒಂದು ಘಾಟಿ: ಮನೆಮಂದಿಯೊಡನೆ ಎಸ್‌ಯುವಿ ಇಳಿಸುವ ಬಗೆ

ದಸರಾ, ದೀಪಾವಳಿ ಅಥವಾ ಬೇಸಿಗೆ ರಜೆ ಹತ್ತಿರವಾದಾಗಲೆಲ್ಲ ಓದುಗರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಇಷ್ಟು ವರ್ಷ ಸಣ್ಣ ಕಾರು ಓಡಿಸಿದವರು ಈಗ ಎಸ್‌ಯುವಿ ಕೊಂಡಿದ್ದಾರೆ. ಅಪ್ಪ, ಅಮ್ಮ, ಮಕ್ಕಳನ್ನು ಕೂರಿಸಿಕೊಂಡು ಬೆಂಗಳೂರಿನಿಂದ ಕರಾವಳಿಯ ಊರಿಗೆ ಹೋಗಬೇಕು. ಶಿರಾಡಿಯೋ, ಚಾರ್ಮಾಡಿಯೋ, ಆಗುಂಬೆಯೋ, ಯಾವುದಾದರೊಂದು ಘಾಟಿ ಇಳಿಯಲೇಬೇಕು. ‘ಗಾಡಿ ದೊಡ್ಡದು, ಹಾಗಾಗಿ ಭಯವಿಲ್ಲ ತಾನೇ?’ ಎಂಬುದು ಅವರ ಪ್ರಶ್ನೆ. ಗಾಡಿ ದೊಡ್ಡದು ಎಂಬ ಕಾರಣಕ್ಕಾಗಿಯೇ ಕೆಲವು ವಿಷಯಗಳಲ್ಲಿ ಹೆಚ್ಚು ಎಚ್ಚರ ಬೇಕು ಎಂಬುದು ನನ್ನ ಉತ್ತರ, ಮತ್ತು ಆ ಎಚ್ಚರಗಳಲ್ಲಿ ಬಹುಪಾಲು ತೂಕಕ್ಕೆ ಸಂಬಂಧಿಸಿದವು.

ಈ ಬರಹ ಮಧ್ಯಮ ಗಾತ್ರದ ಎಸ್‌ಯುವಿಗಳ ಬಗ್ಗೆ, ಅಂದರೆ ಸುಮಾರು 4.3 ಮೀಟರಿನಿಂದ 4.7 ಮೀಟರ್ ಉದ್ದದ ಗಾಡಿಗಳ ಬಗ್ಗೆ. ಕ್ರೆಟಾ, ಸೆಲ್ಟೋಸ್, ಗ್ರ್ಯಾಂಡ್ ವಿಟಾರಾ, ಹೈರೈಡರ್ ಒಂದು ತುದಿಗೆ ಬಂದರೆ ಹ್ಯಾರಿಯರ್, ಸ್ಕಾರ್ಪಿಯೊ-ಎನ್, ಎಕ್ಸ್‌ಯುವಿ700 ಇನ್ನೊಂದು ತುದಿಗೆ ಬರುತ್ತವೆ. ಷೋರೂಮಿನಲ್ಲಿ ನೀವು ಓಡಿಸಿ ನೋಡಿದ್ದು ಇಬ್ಬರು ಕೂತ ಖಾಲಿ ಗಾಡಿ. ಊರಿಗೆ ಹೊರಟಾಗ ಓಡಿಸುವುದು ಬೇರೆಯದೇ ಗಾಡಿ ಎಂದು ತಿಳಿದುಕೊಂಡು ಆರಂಭಿಸಿ.

1. ಮೊದಲು ತೂಕದ ಲೆಕ್ಕ ಹಾಕಿ

ಗಾಡಿಯ ಕೈಪಿಡಿಯಲ್ಲಿ ಎರಡು ಸಂಖ್ಯೆಗಳನ್ನು ಹುಡುಕಿ. ಒಂದು ಕರ್ಬ್ ವೇಟ್, ಅಂದರೆ ಎಣ್ಣೆ, ನೀರು, ಇಂಧನ ತುಂಬಿದ ಖಾಲಿ ಗಾಡಿಯ ತೂಕ. ಇನ್ನೊಂದು ಗ್ರಾಸ್ ವೆಹಿಕಲ್ ವೇಟ್, ಅಂದರೆ ಜನ, ಸಾಮಾನು ಎಲ್ಲ ಸೇರಿ ಗಾಡಿ ಹೊರಬಹುದಾದ ಗರಿಷ್ಠ ಒಟ್ಟು ತೂಕ. ಎರಡರ ನಡುವಿನ ವ್ಯತ್ಯಾಸವೇ ನಿಮಗೆ ದಕ್ಕುವ ಹೊರೆ. ಏಳು ಸೀಟುಗಳಿವೆ ಎಂದಮಾತ್ರಕ್ಕೆ ಏಳು ಜನರ ಜೊತೆ ಏಳು ಪೆಟ್ಟಿಗೆಗಳಿಗೂ ಅವಕಾಶವಿದೆ ಎಂದು ಅರ್ಥವಲ್ಲ.

ಒಂದು ಉದಾಹರಣೆ ನೋಡೋಣ. ತಲಾ 65 ಕಿಲೋದ ಐವರು ದೊಡ್ಡವರು, ತಲಾ 30 ಕಿಲೋದ ಇಬ್ಬರು ಮಕ್ಕಳು ಸೇರಿದರೆ 385 ಕಿಲೋ. ತಲಾ 15 ಕಿಲೋದ ನಾಲ್ಕು ಪೆಟ್ಟಿಗೆ ಇಟ್ಟರೆ 445 ಕಿಲೋ. ಇದು ಹೋಗುವಾಗಿನ ಲೆಕ್ಕ. ಬರುವಾಗ ಊರಿನವರು ಸುಮ್ಮನೆ ಕಳಿಸುವುದಿಲ್ಲ. 25 ಕಿಲೋದ ಒಂದು ಅಕ್ಕಿ ಮೂಟೆ, ಮೂವತ್ತು ತೆಂಗಿನಕಾಯಿ, ಎರಡು ಹಲಸಿನ ಹಣ್ಣು ಡಿಕ್ಕಿಗೆ ಬಂದು ಬಿದ್ದರೆ 500 ಕಿಲೋ ದಾಟಿತು. ಘಾಟಿ ಹತ್ತುವುದು ಈ ತೂಕದಲ್ಲಿ ಎಂಬುದನ್ನು ನೆನಪಿಡಿ. ಲೆಕ್ಕ ಮಿತಿಯನ್ನು ಮೀರುವಂತಿದ್ದರೆ ಅಕ್ಕಿ ಮೂಟೆಯನ್ನು ಬಸ್ಸಿನಲ್ಲಿ ಹಾಕಿಸಿ ತರಿಸಿಕೊಳ್ಳುವುದು ಅವಮಾನವೇನಲ್ಲ.

ಛಾವಣಿಯ ಮೇಲೆ ಸಾಮಾನು ಕಟ್ಟುವ ಮುನ್ನ ಕೈಪಿಡಿಯನ್ನು ಓದಲೇಬೇಕು. ಕೆಲವು ಗಾಡಿಗಳ ಛಾವಣಿಯ ಕಂಬಿಗಳು ಕೇವಲ ಅಂದಕ್ಕಾಗಿ ಕೂರಿಸಿದವು, ಅವು ಯಾವ ಭಾರವನ್ನೂ ಹೊರುವುದಿಲ್ಲ. ಭಾರ ಹೊರುವ ಕಂಬಿಯಿದ್ದರೂ ಎತ್ತರದ ಗಾಡಿಯ ನೆತ್ತಿಯ ಮೇಲೆ ಇನ್ನೂ 50 ಕಿಲೋ ಹೇರಿದರೆ ತಿರುವಿನಲ್ಲಿ ಗಾಡಿ ಹೊರಳುವ ಪ್ರಮಾಣ ಹೆಚ್ಚುತ್ತದೆ. ಘಾಟಿ ದಾರಿಯಲ್ಲಿ ಛಾವಣಿ ಖಾಲಿಯಿದ್ದಷ್ಟೂ ಒಳ್ಳೆಯದು.

2. ಟೈರು ಮತ್ತು ಗಾಳಿ

ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಚೀಟಿ ಅಂಟಿಸಿರುತ್ತದೆ. ಬಹಳಷ್ಟು ಗಾಡಿಗಳಲ್ಲಿ ಅದರ ಮೇಲೆ ಎರಡು ಅಳತೆಗಳಿರುತ್ತವೆ. ಒಂದು ಕಡಿಮೆ ಜನರಿದ್ದಾಗಿನದು, ಇನ್ನೊಂದು ಪೂರ್ತಿ ಹೊರೆಯಿದ್ದಾಗಿನದು. ಪೆಟ್ರೋಲ್ ಬಂಕಿನ ಹುಡುಗ ‘ಎಷ್ಟು ಸಾರ್?’ ಎಂದು ಕೇಳಿದಾಗ ನಾವು ಅಭ್ಯಾಸಬಲದಿಂದ ಹೇಳುವುದು ಮೊದಲನೆಯದನ್ನು. ಮನೆಮಂದಿಯೊಡನೆ ಹೊರಡುವಾಗ ಬೇಕಾಗಿರುವುದು ಎರಡನೆಯದು, ಅದರಲ್ಲೂ ಹಿಂದಿನ ಚಕ್ರಗಳಿಗೆ. ಗಾಳಿ ಕಡಿಮೆಯಿದ್ದರೆ ಟೈರಿನ ಪಕ್ಕೆ ಪ್ರತಿ ಸುತ್ತಿನಲ್ಲೂ ಹೆಚ್ಚು ಮಡಚಿಕೊಂಡು ಬಿಸಿಯಾಗುತ್ತದೆ. ಬಿಸಿಲಿನ ಹೆದ್ದಾರಿಯಲ್ಲಿ ಟೈರು ಸಿಡಿಯುವುದಕ್ಕೆ ಇದೊಂದು ಮುಖ್ಯ ಕಾರಣ.

ಗಾಳಿಯನ್ನು ಟೈರು ತಣ್ಣಗಿದ್ದಾಗಲೇ ನೋಡಬೇಕು. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಹೆಚ್ಚು ತೋರಿಸುವುದು ಸಹಜ. ಅದನ್ನು ಕಂಡು ದಾರಿಯ ಮಧ್ಯೆ ಗಾಳಿ ಬಿಡಬೇಡಿ. ಟೈರಿನ ಪಕ್ಕೆಯ ಮೇಲೆ ಕೊರೆದಿರುವ ಕೊನೆಯ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. 2319 ಎಂದಿದ್ದರೆ 2019ರ 23ನೆಯ ವಾರ. ಹಳೆಯ ಗಾಡಿ ಕೊಂಡವರು ಸ್ಟೆಪ್ನಿಯ ಮೇಲೂ ಈ ಅಂಕಿಗಳನ್ನು ಓದಿ. ಟೈರಿನ ಮೇಲ್ಮೈಯ ಗೀರುಗಳ ಆಳ 1.6 ಮಿಲಿಮೀಟರಿಗೆ ಇಳಿದರೆ ಕಾನೂನಿನ ಪ್ರಕಾರ ಅದರ ಆಯಸ್ಸು ಮುಗಿಯಿತು. ಮಲೆನಾಡಿನ ಮಳೆಗೆ ಅಷ್ಟು ಸವೆಯುವವರೆಗೂ ಕಾಯುವುದು ಬೇಡ.

ಸ್ಟೆಪ್ನಿಯ ವಿಷಯದಲ್ಲಿ ಇನ್ನೊಂದು ಮಾತಿದೆ. ಈಚಿನ ಹಲವು ಗಾಡಿಗಳಲ್ಲಿ ಅದು ಉಳಿದ ನಾಲ್ಕಕ್ಕಿಂತ ಚಿಕ್ಕ ಅಳತೆಯದಾಗಿರುತ್ತದೆ. ಅದರ ಮೇಲೆ ಬರೆದ ವೇಗದ ಮಿತಿ ಹತ್ತಿರದ ಪಂಕ್ಚರ್ ಅಂಗಡಿಯವರೆಗೆ ಹೋಗಲಿಕ್ಕಷ್ಟೇ, ಘಾಟಿ ಇಳಿಯಲಿಕ್ಕಲ್ಲ. ಜ್ಯಾಕ್ ಎಲ್ಲಿದೆ ಎಂಬುದನ್ನು ಮನೆಯಂಗಳದಲ್ಲೇ ನೋಡಿಕೊಳ್ಳಿ. ಚಾರ್ಮಾಡಿ ಘಾಟಿಯ ನೆತ್ತಿಯ ಕೊಟ್ಟಿಗೆಹಾರದ ಮಳೆಯಲ್ಲಿ ಡಿಕ್ಕಿಯ ಪೆಟ್ಟಿಗೆಗಳನ್ನೆಲ್ಲ ಹೊರಗಿಟ್ಟು ಹುಡುಕುವ ಸ್ಥಿತಿ ಬರಬಾರದು.

3. ಬ್ರೇಕ್ ಎಣ್ಣೆ, ದೀಪ

ಬ್ರೇಕ್ ಎಣ್ಣೆ ಗಾಳಿಯಲ್ಲಿನ ತೇವವನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ. ಡಾಟ್ 4 ಎಂಬ ದರ್ಜೆಯ ಹೊಸ ಎಣ್ಣೆ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ಅದೇ ಎಣ್ಣೆ ತೇವ ಹೀರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಎಣ್ಣೆ ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳು ತುಂಬಿಕೊಂಡು ಪೆಡಲ್ ಸ್ಪಂಜಿನಂತೆ ಒಳಗೆ ಹೋಗುತ್ತದೆಯೇ ಹೊರತು ಬ್ರೇಕ್ ಹಿಡಿಯುವುದಿಲ್ಲ. ಊರಿನೊಳಗೆ ಹತ್ತು ವರ್ಷ ಓಡಿಸಿದರೂ ಬಯಲಾಗದ ಈ ದೋಷ ಘಾಟಿಯಲ್ಲಿ ಹತ್ತು ನಿಮಿಷಕ್ಕೆ ಬಯಲಾಗುತ್ತದೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಈ ಎಣ್ಣೆ ಬದಲಿಸಬೇಕು. ಸರ್ವಿಸ್ ಬಿಲ್ಲಿನಲ್ಲಿ ಕೊನೆಯ ಬಾರಿ ಯಾವಾಗ ಬದಲಾಯಿತೆಂದು ಹುಡುಕಿ. ‘ಟಾಪ್ ಅಪ್’ ಎಂದಷ್ಟೇ ಬರೆದಿದ್ದರೆ ಅದು ಬದಲಾವಣೆಯಲ್ಲ.

ಹಿಂಬದಿ ತುಂಬಿದಾಗ ಗಾಡಿಯ ಮೂತಿ ಮೇಲೇಳುತ್ತದೆ, ಅದರೊಂದಿಗೆ ಹೆಡ್‌ಲೈಟ್ ಕೂಡ. ಸ್ಟಿಯರಿಂಗ್ ಬಳಿ 0ಯಿಂದ 3ರವರೆಗೆ ಅಂಕಿಗಳಿರುವ ಸಣ್ಣ ತಿರುಗಣೆಯಿದ್ದರೆ ಅದು ದೀಪವನ್ನು ತಗ್ಗಿಸಲಿಕ್ಕೆ. ಹೆಚ್ಚಿನವರು ಅದನ್ನು ಒಮ್ಮೆಯೂ ಮುಟ್ಟಿರುವುದಿಲ್ಲ.

4. ಯಾರು ಎಲ್ಲಿ ಕೂರಬೇಕು

ಹಿಂದಿನ ಸೀಟಿನವರೂ ಬೆಲ್ಟ್ ಹಾಕಲೇಬೇಕು. 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿಲ್ಲದೆ ಕರೆದೊಯ್ದರೆ ಮೋಟಾರು ವಾಹನ ಕಾಯ್ದೆಯ 194ಬಿ ಕಲಂ ಪ್ರಕಾರ 1,000 ರೂಪಾಯಿ ದಂಡವಿದೆ. ಮಗುವನ್ನು ಮುಂದಿನ ಸೀಟಿನಲ್ಲಿ ಮಡಿಲಲ್ಲಿ ಕೂರಿಸಿಕೊಳ್ಳುವ ಪ್ರೀತಿ ಬೇಡ. ಡಿಕ್ಕಿಯಾದರೆ ಏರ್‌ಬ್ಯಾಗ್ ಉಬ್ಬುವುದು ಮಗುವಿನ ಎದುರಿಗೇ. ಹಿಮ್ಮುಖವಾಗಿ ಕೂರಿಸುವ ಶಿಶು ಸೀಟನ್ನಂತೂ ಏರ್‌ಬ್ಯಾಗ್ ಇರುವ ಮುಂದಿನ ಸೀಟಿನ ಮೇಲೆ ಎಂದೂ ಇಡಬಾರದು.

ಮೂರನೆಯ ಸಾಲು ಹಿಂದಿನ ಅಚ್ಚಿನ ಮೇಲೆ ಅಥವಾ ಅದರ ಹಿಂದೆ ಬರುವುದರಿಂದ ಕುಲುಕಾಟ ಅಲ್ಲಿಯೇ ಹೆಚ್ಚು. ವಾಂತಿಯಾಗುವ ಸ್ವಭಾವದವರನ್ನು ಅಲ್ಲಿ ಕೂರಿಸಿ, ಹುಳಿ ಪೆಪ್ಪರಮಿಂಟ್ ಕೊಟ್ಟು ಸುಮ್ಮನಾಗಿಸಲು ನೋಡಬೇಡಿ. ಅವರನ್ನು ಎರಡನೆಯ ಸಾಲಿನಲ್ಲಿ, ಮುಂದಿನ ರಸ್ತೆ ಕಾಣುವಂತೆ ಕೂರಿಸಿ. ಮೊಬೈಲ್ ನೋಡಲು ಬಿಡಬೇಡಿ.

ಭಾರದ ಪೆಟ್ಟಿಗೆ ಯಾವಾಗಲೂ ಕೆಳಗೆ, ಸೀಟಿನ ಬೆನ್ನಿಗೆ ಒತ್ತಿಕೊಂಡಿರಲಿ. ಸೀಟಿನ ಎತ್ತರವನ್ನು ಮೀರಿ ಪೇರಿಸಿದ ಸ್ಟೀಲ್ ಡಬ್ಬಿ ಗಟ್ಟಿಯಾಗಿ ಬ್ರೇಕ್ ಹಾಕಿದಾಗ ನೇರವಾಗಿ ಮುಂದಿನವರ ತಲೆಗೆ ಬರುತ್ತದೆ. ಚಾಲಕನ ಕಾಲ ಬಳಿ ನೀರಿನ ಬಾಟಲಿ ಉರುಳಾಡಕೂಡದು. ಬ್ರೇಕ್ ಪೆಡಲಿನ ಕೆಳಗೆ ಸೇರಿಕೊಳ್ಳಲು ಅದಕ್ಕೆ ಒಂದು ತಿರುವು ಸಾಕು.

5. ಇಳಿಯುವುದು

ಈ ಬರಹದ ಮುಖ್ಯ ಭಾಗ ಇದು. ಎರಡು ಟನ್ ತೂಕದ ಗಾಡಿ 500 ಮೀಟರ್ ಎತ್ತರದಿಂದ ಕೆಳಗಿಳಿಯುವಾಗ ಕಳೆದುಕೊಳ್ಳಬೇಕಾದ ಶಕ್ತಿ ಸುಮಾರು 33 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟಿರುತ್ತದೆ. ಬಚ್ಚಲುಮನೆಯ ಸಣ್ಣ ಹಂಡೆಯೊಂದನ್ನು ಕಾಯಿಸಲು ಎಷ್ಟು ಸೌದೆ ಬೇಕೆಂದು ಯೋಚಿಸಿ. ಅಷ್ಟು ಕಾವನ್ನೂ ನಾಲ್ಕು ಬ್ರೇಕುಗಳ ಮೇಲೆಯೇ ಹೊರಿಸಬೇಕೆ, ಇಲ್ಲ ಎಂಜಿನ್ನಿಗೂ ಪಾಲು ಕೊಡಬೇಕೆ ಎಂಬುದು ಚಾಲಕನ ಕೈಯಲ್ಲಿದೆ. ಕಡಿಮೆ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ನೇ ಗಾಡಿಯನ್ನು ಹಿಂದಕ್ಕೆಳೆದು ಹಿಡಿಯುತ್ತದೆ. ಇದನ್ನು ಎಂಜಿನ್ ಬ್ರೇಕಿಂಗ್ ಎನ್ನುತ್ತಾರೆ.

ಸಾಮಾನ್ಯ ಗೇರಿನ ಗಾಡಿಗೆ ಹಳೆಯ ಲಾರಿ ಚಾಲಕರ ಮಾತೇ ಸಾಕು: ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಆಗುಂಬೆಯಂಥ ಕಡೆ ಅದು ಎರಡನೆಯ ಗೇರು, ಕೆಲವು ತಿರುವುಗಳಲ್ಲಿ ಒಂದನೆಯದು. ಎಂಜಿನ್ ಗೊರಗುಟ್ಟುವುದನ್ನು ಕೇಳಿ ಹೊಸಬರು ಹೆದರುತ್ತಾರೆ. ಟ್ಯಾಕೋಮೀಟರಿನ ಮುಳ್ಳು, ಅಂದರೆ ಎಂಜಿನ್ ಸುತ್ತುವ ವೇಗ ತೋರಿಸುವ ಮುಳ್ಳು, ಕೆಂಪು ಗುರುತಿಗಿಂತ ಬಹಳ ಕೆಳಗೆ, 3,000ದ ಆಸುಪಾಸಿನಲ್ಲಿದ್ದರೆ ಎಂಜಿನ್ನಿಗೆ ಏನೂ ಆಗುವುದಿಲ್ಲ. ನ್ಯೂಟ್ರಲ್ ಮಾಡಿ ಇಳಿದರೆ ಪೆಟ್ರೋಲ್ ಉಳಿಯುತ್ತದೆ ಎಂಬ ನಂಬಿಕೆ ಈಗಿನ ಗಾಡಿಗಳಿಗೆ ಸಲ್ಲುವುದಿಲ್ಲ. ಗೇರಿನಲ್ಲಿ ಇಳಿಯುವಾಗ ಇಂಧನ ಚಿಮ್ಮುವುದೇ ನಿಲ್ಲುತ್ತದೆ. ನ್ಯೂಟ್ರಲಿನಲ್ಲಿ ಎಂಜಿನ್ ಸುಮ್ಮನೆ ತಿರುಗುತ್ತಿರಲು ಇಂಧನ ಬೇಕೇಬೇಕು. ಹೀಗಾಗಿ ನ್ಯೂಟ್ರಲಿನಲ್ಲಿ ಅಪಾಯವೂ ಇದೆ, ನಷ್ಟವೂ ಇದೆ.

ಆಟೋಮ್ಯಾಟಿಕ್ ಗಾಡಿಯವರು ‘ಡಿ’ಯಲ್ಲಿ ಬಿಟ್ಟು ಬ್ರೇಕ್ ತುಳಿಯುತ್ತಲೇ ಇಳಿಯುವುದು ನಾನು ಅತಿ ಹೆಚ್ಚು ಕಾಣುವ ತಪ್ಪು. ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್ ಅಥವಾ ಎರಡು ಕ್ಲಚ್ಚಿನ ಡಿಸಿಟಿ ಗಾಡಿಯಿದ್ದರೆ ಮ್ಯಾನುವಲ್ ಮೋಡ್‌ಗೆ ತಂದು ಅಥವಾ ಸ್ಟಿಯರಿಂಗ್ ಹಿಂದಿನ ಪ್ಯಾಡಲ್ ಒತ್ತಿ ಎರಡನೆಯ ಗೇರಿಗೆ ಇಳಿಸಿ. ಗೇರಿನ ಮೆಟ್ಟಿಲುಗಳಿಲ್ಲದ ಸಿವಿಟಿ ಗಾಡಿಗಳಲ್ಲಿ ಹಲವಕ್ಕೆ ‘ಎಲ್’ ಅಥವಾ ‘ಎಸ್’ ಎಂಬ ಸ್ಥಾನವಿರುತ್ತದೆ, ಇಳಿಯುವಾಗ ಅದನ್ನು ಬಳಸಿ. ಎಂಜಿನ್ ಜೊತೆಗೆ ವಿದ್ಯುತ್ ಮೋಟಾರೂ ಓಡಿಸುವ, ಹೈರೈಡರ್‌ನಂಥ ಸ್ಟ್ರಾಂಗ್ ಹೈಬ್ರಿಡ್ ಗಾಡಿಯ ಗೇರ್ ಕಡ್ಡಿಯ ಬಳಿ ಇರುವ ‘ಬಿ’ ಅಕ್ಷರ ಇದಕ್ಕಾಗಿಯೇ ಇದೆ. ಹೈಬ್ರಿಡ್‌ನವರು ಒಂದು ವಿಷಯ ತಿಳಿದಿರಬೇಕು: ಇಳಿಯುವಾಗ ಮೋಟಾರು ಬ್ಯಾಟರಿಗೆ ಚಾರ್ಜ್ ತುಂಬುತ್ತ ಗಾಡಿಯನ್ನು ತಡೆಯುತ್ತದೆ, ಆದರೆ ಉದ್ದದ ಇಳಿಜಾರಿನಲ್ಲಿ ಆ ಸಣ್ಣ ಬ್ಯಾಟರಿ ಅರ್ಧದಾರಿಗೇ ತುಂಬಿಬಿಡಬಹುದು. ಆಮೇಲೆ ಎಂಜಿನ್ ಜೋರಾಗಿ ತಿರುಗತೊಡಗಿದರೆ ಗಾಬರಿಯಾಗಬೇಡಿ.

ಬ್ರೇಕನ್ನು ಬಳಸುವ ಕ್ರಮವೂ ಇದೆ. ಇಡೀ ಇಳಿಜಾರಿಗೆ ಪಾದವನ್ನು ಹಗುರವಾಗಿ ಊರಿಕೊಂಡಿರಬೇಡಿ. ವೇಗ 30 ತಲುಪಿದಾಗ ಗಟ್ಟಿಯಾಗಿ ತುಳಿದು 20ಕ್ಕೆ ಇಳಿಸಿ, ಪೂರ್ತಿ ಬಿಡಿ. ಮತ್ತೆ 30 ಆಗುವವರೆಗೆ ಬ್ರೇಕಿನ ತಟ್ಟೆಗಳಿಗೆ ಗಾಳಿ ತಾಗಲಿ. ಹೊಸದರಲ್ಲಿ ನಾನೂ ಪಾದ ಊರಿಕೊಂಡೇ ಇಳಿಯುವ ತಪ್ಪು ಮಾಡಿದ್ದೇನೆ. ಆಗುಂಬೆಯ ಬುಡದ ಸೋಮೇಶ್ವರದಲ್ಲಿ ಗಾಡಿ ನಿಲ್ಲಿಸಿ ಇಳಿದಾಗ ಸುಟ್ಟ ರಬ್ಬರಿನಂಥ ಘಾಟು ಮುಂದಿನ ಚಕ್ರಗಳಿಂದಲೇ ಬರುತ್ತಿತ್ತು.

ಅಂಥ ವಾಸನೆ ಬಂದರೆ, ಅಥವಾ ಪೆಡಲ್ ಮೆತ್ತಗಾದಂತೆ ಅನ್ನಿಸಿದರೆ, ಇನ್ನೂ ಕಡಿಮೆ ಗೇರಿಗೆ ಇಳಿದು, ಅಗಲವಾದ ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಅರ್ಧ ಗಂಟೆ ತಣಿಯಲು ಬಿಡಿ. ಬಾಟಲಿ ನೀರನ್ನು ಚಕ್ರದ ಮೇಲೆ ಸುರಿಯಬೇಡಿ. ಕಾದ ತಟ್ಟೆ ತಟ್ಟನೆ ತಣಿದರೆ ಸೊಟ್ಟಗಾಗುತ್ತದೆ ಅಥವಾ ಬಿರುಕು ಬಿಡುತ್ತದೆ. ಕಾದಿರುವ ಬ್ರೇಕಿನ ಮೇಲೆ ಪಾರ್ಕಿಂಗ್ ಬ್ರೇಕ್ ಎಳೆಯುವ ಬದಲು ಗೇರಿನಲ್ಲಿ ಅಥವಾ ‘ಪಿ’ಯಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ. ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದಾಚೆ ಎಸೆಯಿರಿ. ನಮ್ಮವರು ಬಿಟ್ಟುಹೋದ ಕಲ್ಲಿಗೆ ರಾತ್ರಿ ಬೈಕಿನವರು ಬೀಳುತ್ತಾರೆ.

6. ಹೇರ್‌ಪಿನ್ ತಿರುವು

ಆಗುಂಬೆಯ ದಾರಿಯಲ್ಲಿ ಇಂಥವು 14 ಇವೆ. ಉದ್ದನೆಯ ಗಾಡಿ ಇಲ್ಲಿ ಮೂರು ರೀತಿಯಲ್ಲಿ ಮೋಸ ಮಾಡುತ್ತದೆ.

ಮೊದಲನೆಯದು ಹಿಂದಿನ ಚಕ್ರ. ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ 2.6ರಿಂದ 2.75 ಮೀಟರ್ ಅಂತರವಿರುವುದರಿಂದ ತಿರುಗುವಾಗ ಹಿಂದಿನ ಒಳಚಕ್ರ ಮುಂದಿನದಕ್ಕಿಂತ ಒಳಗೆ ಕೊರೆದುಕೊಂಡು ಬರುತ್ತದೆ. ಎಡ ತಿರುವಿನಲ್ಲಿ ಅಂಚಿಗೆ ಅಂಟಿಕೊಂಡು ತಿರುಗಿಸಿದರೆ ಅದು ಚರಂಡಿಗಿಳಿಯುತ್ತದೆ. ನಿಮ್ಮ ಪಾಲಿನ ರಸ್ತೆಯೊಳಗೇ ಇದ್ದು, ಸ್ವಲ್ಪ ಅಗಲಕ್ಕೆ ಹೋಗಿ ತಡವಾಗಿ ತಿರುಗಿಸಿ.

ಎರಡನೆಯದು ಗಾಜಿನ ಪಕ್ಕದ ದಪ್ಪ ಕಂಬ. ಬಲ ತಿರುವಿನಲ್ಲಿ ನೀವು ನೋಡಬೇಕಾದ ರಸ್ತೆ ಸರಿಯಾಗಿ ಆ ಕಂಬದ ಹಿಂದೆ ಅಡಗಿರುತ್ತದೆ. ಅದರ ಮರೆಯಲ್ಲಿ ಒಂದು ಬೈಕ್ ಇಡಿಯಾಗಿ ಕಾಣದಂತಾಗಬಹುದು. ಕುತ್ತಿಗೆಯನ್ನು ಮುಂದೆ ಚಾಚಿ, ಹಿಂದೆ ಸರಿದು ಎರಡು ಬಾರಿ ನೋಡಿ. ನೋಡುವವರಿಗೆ ವಿಚಿತ್ರವಾಗಿ ಕಂಡರೂ ಚಿಂತೆಯಿಲ್ಲ. ತಿರುವಿಗೆ ಮುಂಚೆ ಒಂದು ಚಿಕ್ಕ ಹಾರನ್ ಹಾಕಿ. ಪಥ ಬದಲಿಸದಂತೆ ತಾನೇ ಸ್ಟಿಯರಿಂಗ್ ಎಳೆಯುವ ಲೇನ್ ಅಸಿಸ್ಟ್ ಸೌಲಭ್ಯವಿದ್ದರೆ ಘಾಟಿಯಲ್ಲಿ ಆರಿಸಿಡಿ, ವೇಗವನ್ನು ತಾನೇ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲನ್ನೂ ಆರಿಸಿ. ಆದರೆ ಜಾರುವ ಗಾಡಿಯನ್ನು ಸರಿದಾರಿಗೆ ತರುವ ಇಎಸ್‌ಸಿಯನ್ನು ಮುಟ್ಟಬೇಡಿ.

ಮೂರನೆಯದು ಹತ್ತುವಾಗಿನದು. ಎಸ್‌ಯುವಿ ಎಂದರೆ ನಾಲ್ಕೂ ಚಕ್ರ ಎಳೆಯುವ ಗಾಡಿ ಎಂದು ಬಹಳ ಜನ ತಿಳಿದಿದ್ದಾರೆ. ಈ ಗಾತ್ರದ ಗಾಡಿಗಳಲ್ಲಿ ಬಹುಪಾಲು ಮುಂದಿನ ಎರಡು ಚಕ್ರಗಳಿಂದ ಮಾತ್ರ ಎಳೆಯುತ್ತವೆ. ಡಿಕ್ಕಿ ತುಂಬಿ, ಮೂರನೆಯ ಸಾಲಿನಲ್ಲಿ ಜನ ಕೂತು, ರಸ್ತೆಯೂ ಏರಾಗಿದ್ದರೆ ಭಾರವೆಲ್ಲ ಹಿಂದಕ್ಕೆ ಜಾರಿ ಎಳೆಯಬೇಕಾದ ಚಕ್ರಗಳೇ ಹಗುರಾಗುತ್ತವೆ. ಒದ್ದೆ ತಿರುವಿನಲ್ಲಿ ನಿಂತು ಹೊರಟರೆ ಒಳಗಿನ ಮುಂಚಕ್ರ ಗರ್ರನೆ ತಿರುಗುತ್ತದೆ. ಆಗ ಆಕ್ಸಿಲರೇಟರ್ ಒತ್ತುವುದಲ್ಲ, ಬಿಡಬೇಕು. ಸ್ಟಿಯರಿಂಗ್ ನೇರ ಮಾಡಿ ನಿಧಾನವಾಗಿ ಎತ್ತಿ. ಏರಿನಲ್ಲಿ ಸಾಲುಗಟ್ಟಿ ನಿಂತಾಗ ಡಿಸಿಟಿ ಗಾಡಿಯನ್ನು ಆಕ್ಸಿಲರೇಟರಿನಿಂದ ಹಿಡಿದು ನಿಲ್ಲಿಸಿದರೆ ಕ್ಲಚ್ ಕಾಯುತ್ತದೆ. ಬ್ರೇಕ್ ಅಥವಾ ಪಾದ ತೆಗೆದರೂ ಗಾಡಿಯನ್ನು ಹಿಡಿದಿಡುವ ಆಟೋ ಹೋಲ್ಡ್ ಬಳಸಿ, ಮುಂದಿನ ಗಾಡಿಯಿಂದ ಅಂತರ ಬಿಟ್ಟು, ಜಾಗವಾದ ಮೇಲೆ ಒಂದೇ ಸಲಕ್ಕೆ ಚಲಿಸಿ.

ಇಕ್ಕಟ್ಟಿನಲ್ಲಿ ಎದುರಾದರೆ ಇಳಿಯುವವರು ಹತ್ತುವವರಿಗೆ ದಾರಿ ಬಿಡಬೇಕೆಂಬುದು ನಿಯಮ. ಬಸ್ಸು ಬರುತ್ತಿದ್ದರೆ ತಿರುವಿನೊಳಗೆ ನುಗ್ಗದೆ ಮೊದಲೇ ನಿಲ್ಲಿ, ಬಸ್ಸಿಗೆ ತಿರುಗಲು ಇಡೀ ರಸ್ತೆ ಬೇಕು.

7. ಮಳೆ, ಮಂಜು ಮತ್ತು ಗುಡ್ಡ

ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಎದ್ದಂತಾಗುತ್ತದೆ, ಲೋ ಬೀಮ್ ಮತ್ತು ಫಾಗ್ ದೀಪ ಸಾಕು. ಓಡುತ್ತಿರುವಾಗ ನಾಲ್ಕೂ ಇಂಡಿಕೇಟರ್ ಮಿನುಗಿಸಬೇಡಿ. ನೀವು ಯಾವ ಕಡೆಗೆ ತಿರುಗುತ್ತೀರಿ ಎಂಬುದು ಹಿಂದಿನವರಿಗೆ ತಿಳಿಯುವುದಿಲ್ಲ. ಏಳು ಜನರ ಉಸಿರಿಗೆ ಗಾಜು ಮಬ್ಬಾದರೆ ಎಸಿ ಹಾಕಿ, ಹೊರಗಿನ ಗಾಳಿ ಒಳಬರುವಂತೆ ಬದಲಿಸಿ, ಬಟ್ಟೆಯಿಂದ ಒರೆಸುತ್ತ ಕೂರಬೇಡಿ.

ಗಾಡಿ ನೆಲದಿಂದ 190 ಅಥವಾ 200 ಮಿಲಿಮೀಟರ್ ಎತ್ತರವಿದೆ ಎಂದು ಹರಿಯುವ ನೀರಿಗಿಳಿಸಬೇಡಿ. ತುಂಬಿದ ಗಾಡಿಯಲ್ಲಿ ಆ ಎತ್ತರವೂ ತಗ್ಗಿರುತ್ತದೆ. ಎಂಜಿನ್ ನೀರು ಕುಡಿದು ನಿಂತರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ನೀರು ಗಾಳಿಯಂತೆ ಅದುಮಿಕೊಳ್ಳುವುದಿಲ್ಲವಾದ್ದರಿಂದ ಒಳಗಿನ ಕೊಂಡಿಗಳೇ ಬಾಗುತ್ತವೆ. ಎಂಜಿನ್ ರಕ್ಷಣೆ ಎಂಬ ಹೆಚ್ಚುವರಿ ವಿಮೆ ಇಲ್ಲದಿದ್ದರೆ ಸಾಮಾನ್ಯ ಪಾಲಿಸಿ ಈ ಹಾನಿಯನ್ನು ಭರಿಸುವುದಿಲ್ಲ.

ಚಹಾಕ್ಕೆಂದು ನಿಲ್ಲಿಸುವಾಗ ತಲೆಯೆತ್ತಿ ನೋಡಿ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಕುಸಿದಾಗ ರಸ್ತೆಬದಿಯ ಚಹಾದಂಗಡಿಯೂ ಅಲ್ಲಿ ನಿಂತಿದ್ದ ವಾಹನಗಳೂ ಮಣ್ಣುಪಾಲಾದವು. ನೆಟ್ಟಗೆ ಕಡಿದ ಮಣ್ಣಿನ ಗೋಡೆಯ ಕೆಳಗೆ, ಅದರಲ್ಲೂ ಕೆಸರು ನೀರು ಒಸರುತ್ತಿರುವ ಕಡೆ, ಐದು ನಿಮಿಷವೂ ನಿಲ್ಲಬೇಡಿ. ಮಳೆಗಾಲದಲ್ಲಿ ಜಿಲ್ಲಾಡಳಿತ ಘಾಟಿ ಸಂಚಾರವನ್ನು ನಿರ್ಬಂಧಿಸುವುದುಂಟು, ಆದ್ದರಿಂದ ಹೊರಡುವ ದಿನದ ಬೆಳಿಗ್ಗೆ ವಿಚಾರಿಸಿಕೊಳ್ಳಿ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033, ತುರ್ತಿಗೆ 112.

8. ತಲುಪಿದ ಮೇಲೆ

ಮರವಂತೆಯ ಮರಳು ಕಂಡು ಗಾಡಿಯನ್ನು ಕೆಳಗಿಳಿಸುವ ಆಸೆ ಬರುತ್ತದೆ. ಎರಡು ಚಕ್ರ ಎಳೆಯುವ ಭಾರದ ಗಾಡಿ ಒಣ ಮರಳಿನಲ್ಲಿ ಹೊಟ್ಟೆಯವರೆಗೆ ಹೂತುಕೊಳ್ಳಲು ಹೆಚ್ಚು ಹೊತ್ತು ಬೇಕಿಲ್ಲ. ಕಡಲ ಬದಿಯಲ್ಲಿ ನಾಲ್ಕು ದಿನವಿದ್ದರೆ ಮರಳಿದ ಮೇಲೆ ಗಾಡಿಯ ಅಡಿಭಾಗವನ್ನೂ ಸಿಹಿನೀರಿನಿಂದ ತೊಳೆಸಿ. ಮಲೆನಾಡಿನ ಮರದಡಿ ನಿಲ್ಲಿಸಿದ್ದರೆ ಬಾನೆಟ್ ತೆರೆದು, ಮುಂಗಾಜಿನ ಬುಡದಲ್ಲಿ ನೀರು ಹರಿದುಹೋಗುವ ತೂತುಗಳಿಂದ ಎಲೆಗಳನ್ನು ತೆಗೆಯಿರಿ. ಹಾಗೆಯೇ ಇಲಿ ತಂತಿ ಕಡಿದಿದೆಯೇ ಎಂದೂ ನೋಡಿ. ಕಾಲೊರಸಿನ ಕೆಳಗೆ ಇಂಬಳ, ಅಂದರೆ ಜಿಗಣೆ, ಸಿಕ್ಕರೆ ಅದು ಗಾಡಿಯ ದೋಷವಲ್ಲ.

ಬೆಂಗಳೂರಿಗೆ ಬಂದು ಅಕ್ಕಿ, ಕಾಯಿ, ಹಲಸು ಎಲ್ಲವನ್ನೂ ಇಳಿಸಿದ ಮರುದಿನ ಬೆಳಿಗ್ಗೆ, ಟೈರುಗಳು ತಣ್ಣಗಿರುವಾಗ, ಗಾಳಿಯನ್ನು ಚೀಟಿಯ ಮೊದಲನೆಯ ಅಳತೆಗೆ ಮತ್ತೆ ಇಳಿಸಿ. ಹೆಡ್‌ಲೈಟಿನ ತಿರುಗಣೆಯನ್ನು 0ಗೆ ತನ್ನಿ.